ಮೋಟರ್ ಎಂಗೇಜ್ ಬರ್ತಿದೆ!

"ಇನ್ಮೇಲೆ ನೀರು ಬಿಡೋಕೆ ಬಾವಿವರೆಗೆ ನಡೆಯೋದು ಕೆಲಸವಿಲ್ಲದವರ ಕೆಲಸ!" ಎಂದು ಮೇಷ್ಟ್ರು ಮಂಚದ ಮೇಲೆ ಮಲಗಿಕೊಂಡೇ ಘೋಷಿಸಿದರು.

ಆಯುಷ್ಯವಿಡೀ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿ ನಿವೃತ್ತರಾದವರು, ಈಗ ಹಳ್ಳಿಗೆ ಬಂದು ತರಕಾರಿ ಬೆಳೆಯೋ ಹುಚ್ಚು ಹಿಡಿಸಿಕೊಂಡಿದ್ದರು. ಬಾವಿ ತೋಟದ ಆ ತುದಿಗೆ. ಮೋಟರ್ ಬೊಬ್ಬೆ ಹೊಡೆದರೂ ಮನೆಗೆ ಕೇಳದು. ನಿನ್ನೆಯಷ್ಟೇ ಅದಕ್ಕೊಂದು ಹೊಸ ಡಬ್ಬಿ ಕೂರಿಸಿದ್ದರು. ಒಳಗೊಂದು ಸಿಮ್. ಒಂದು ಮಿಸ್ಡ್ ಕಾಲ್ ಕೊಟ್ಟರೆ ಮೋಟರ್ ಆನ್, ಇನ್ನೊಂದು ಕೊಟ್ಟರೆ ಆಫ್!

"ನೀವು ಮರೀತೀರ," ಅಂದಳು ಹೆಂಡತಿ. "ಆ ಟೊಮೆಟೊ ಸಸಿಗಳನ್ನ ಅಡುಗೆಮನೆ ಕಿಟಕೀಲಿಟ್ಟು ಮಕ್ಕಳ ಥರ ಸಾಕಿ ತೋಟಕ್ಕೆ ಕೊಟ್ಟಿದ್ದೀನಿ. ಬಾಡಿದ್ವೋ, ತೋಟ ನನಗೆ, ಅಡುಗೆಮನೆ ನಿಮಗೆ!"

"ಮರೆವು? ನನಗಾ? ಮೂರನೇ ಕ್ಲಾಸಿನ ಹಾಜರಿ ಇವತ್ತೂ ಬಾಯಿಪಾಠ ಒಪ್ಪಿಸ್ತೀನಿ!"

"ಒಪ್ಪಿಸಿ. ಮೊದಲು ಅಂಗಿ ತಿರುವುಮುರುವಾಗಿದೆ, ನೋಡ್ಕೊಳ್ಳಿ."

ಮಾರನೇ ಬೆಳಗ್ಗೆ ದಿಂಬಿಗೊರಗಿ, ಮಹಾರಾಜರು ಅಪ್ಪಣೆ ಕೊಡಿಸುವ ಗತ್ತಿನಲ್ಲಿ ಒಂದು ಮಿಸ್ಡ್ ಕಾಲ್ ಕೊಟ್ಟರು. ಕಾಫಿ ಮುಗಿಸಿ ತೋಟಕ್ಕೆ ಹೋದರೆ ಮಣ್ಣು ಬಣಬಣ! ಮೋಟರ್ ತೆಪ್ಪಗೆ ಕೂತಿದೆ. ಕಾಲ್ ಕೊಟ್ಟೆನೋ ಇಲ್ಲವೋ? ಫೋನ್ ನೋಡಿದರು. ಕೊಟ್ಟಿದ್ದಾರೆ! ಅದರ ಮಾರನೇ ದಿನವೂ ಅದೇ ಕಥೆ. ಸಸಿಗಳು ತಲೆ ತಗ್ಗಿಸಿದವು.

ಮೂರನೇ ದಿನ ಬಾವಿ ಪಕ್ಕದಲ್ಲೇ ನಿಂತು ಕೊಟ್ಟರು. ಮೋಟರ್ ಗುರ್ರ್ ಎಂದಿತು. "ಭಲೇ!" ಎಂದು ಮೀಸೆ ತಿರುವುವಷ್ಟರಲ್ಲಿ ತಾನಾಗೇ ನಿಂತಿತು. ಮತ್ತೊಂದು ಕೊಟ್ಟರು, ಎದ್ದಿತು. ಸಾಕಷ್ಟು ನೀರು ಹರಿದ ಮೇಲೆ ಮನೆಗೆ ಬಂದು, ಆಫ್ ಮಾಡಲು ಇನ್ನೊಂದು ಕೊಟ್ಟು, ಗೆದ್ದವರಂತೆ ನಿದ್ದೆ ಹೋದರು.

ಎಚ್ಚರವಾದಾಗ ಪಕ್ಕದ ಮನೆ ಅಜ್ಜಿ ಬಾಗಿಲಲ್ಲಿ ನಿಂತಿದ್ದಳು. "ಏನಪ್ಪಾ ಮೇಷ್ಟ್ರೇ, ನಿಮ್ಮ ಎರಡು ಸಸಿ ನಮ್ಮ ಅಂಗಳಕ್ಕೆ ಈಜ್ಕೊಂಡು ಬಂದಿವೆ!"

ತೋಟ ಕೆರೆಯಾಗಿತ್ತು! "ಬೇರಿಗೆ ಚೆನ್ನಾಗಿ ಇಳೀಲಿ ಅಂತ ನಾನೇ ಬಿಟ್ಟೆ," ಎಂದು ಹೆಂಡತಿಗೆ ಸುಳ್ಳು ಹೇಳಿದರು. ಆಕೆ ಎಂದಿನಂತೆ ಜಗಳಕ್ಕೆ ಬರದೆ, ಏನೋ ಲೆಕ್ಕ ಹಾಕುತ್ತಾ ಒಳಗೆ ಹೋದಳು. ಅದು ಇನ್ನೊಂದು ಗೊಂದಲ! ತಲೆ ಕೆಟ್ಟಿರೋದು ಮೋಟರಿಗೋ ತಮಗೋ? ಆಕೆಯನ್ನೇ ಕೇಳೋಣವೆಂದರೆ ತೋಟ ಕೈಬಿಟ್ಟು ಹೋಗುತ್ತೆ. ಮೇಷ್ಟ್ರಿಗೆ ನಿಜಕ್ಕೂ ಭಯವಾಯಿತು.

ನಾಲ್ಕನೇ ದಿನ ಮತ್ತೆ ಮಂಚದಿಂದಲೇ ಫೋನ್ ಒತ್ತಿದರು. "ನೀವು ಕರೆ ಮಾಡಿದವರು ಬೇರೊಂದು ಕರೆಯಲ್ಲಿ ನಿರತರಾಗಿದ್ದಾರೆ," ಎಂದಿತು ಒಂದು ಹೆಣ್ಣು ದನಿ.

ಮೋಟರ್ ಬಿಜಿ! ಬೆಳಗಾಗೆದ್ದು ಯಾರ ಜೊತೆ ಹರಟೆ ಹೊಡೀತಿದೆ ಅದು?

"ಲೇ, ಕೇಳಿದ್ಯಾ! ನಮ್ಮ ಮೋಟರ್ ಎಂಗೇಜ್ ಬರ್ತಿದೆ!" ಎಂದು ಕೂಗುತ್ತಾ ಅಡುಗೆಮನೆಗೆ ನುಗ್ಗಿದರು. ಒಲೆ ಮುಂದೆ ಹೆಂಡತಿ, ಕಿವಿಗೆ ಫೋನ್.

"ಯಾರಿಗೆ?"

"ಮೋಟರ್‌ಗೆ. ಡಬ್ಬಿ ಮೇಲೆ ನಂಬರ್ ಇತ್ತಲ್ಲ. ನೀವು ಮರೀತೀರ ಅಂತ ದಿನಾ ಆನ್‌ಗೊಂದು ನಾನೂ ಕೊಡ್ತೀನಿ. ನಿನ್ನೆ ನೀವು ನಿದ್ದೆ ಹೋಗಿದ್ದು ನೋಡಿ ಆಫ್‌ಗೂ ಒಂದು ಕೊಟ್ಟೆ."

"ಅಯ್ಯೋ ಪುಣ್ಯಾತ್ಗಿತ್ತಿ! ನಾನು ಎಬ್ಬಿಸಿದ್ದನ್ನ ನೀನು ಮಲಗಿಸ್ತಿದ್ದೆ, ನಾನು ಮಲಗಿಸಿದ್ದನ್ನ ನೀನು ಎಬ್ಬಿಸ್ತಿದ್ದೆ! ಗಂಡನ ಮೇಲೆ ಇಷ್ಟೂ ನಂಬಿಕೆ ಇಲ್ವಾ?"

"ನೀವು ಬಾಗಿಲು ಹಾಕಿ ಬಂದ ಮೇಲೆ ಚಿಲಕ ಹಾಕೋದು ಯಾರು? ನೀವು ಸ್ನಾನ ಮುಗಿಸಿದ ಮೇಲೆ ನಲ್ಲಿ ನಿಲ್ಲಿಸೋದು ಯಾರು?"

ಟೊಮೆಟೊ ಸಸಿಗಳ ಸಮಕ್ಷಮದಲ್ಲಿ ತೋಟದ ಅಧಿಕಾರ ಅಂದೇ ಹಸ್ತಾಂತರವಾಯಿತು.

ಮಾರನೇ ಬೆಳಗ್ಗೆ ದಿಂಬಿನ ಕೆಳಗೆ ಫೋನ್ ಒಮ್ಮೆ ಕಿರುಚಿ ಸುಮ್ಮನಾಯಿತು. ಹೆಂಡತಿಯ ಮಿಸ್ಡ್ ಕಾಲ್! ಮೇಷ್ಟ್ರು ಗಾಬರಿಯಿಂದ ದಡಬಡ ತೋಟಕ್ಕೆ ಓಡಿದರು.

"ಏನಾಯ್ತೇ?"

"ಏನಿಲ್ಲ. ಆ ಡಬ್ಬಿ ಕಿತ್ತುಹಾಕಿಸಿದೆ." ಆಕೆ ಬಿಂದಿಗೆಯನ್ನು ಅವರ ಕೈಗಿಟ್ಟಳು. "ನೀವೇ ವಾಸಿ. ಒಂದೇ ಕಾಲ್‌ಗೆ ಆನ್ ಆಗ್ತೀರ!"

"ಮತ್ತೆ ಆಫ್?"

"ಇನ್ನೊಂದು ಕೊಡ್ತೀನಿ. ಅಲ್ಲೀತನಕ ನೀರು ಹೊರ್ತಾ ಇರಿ."