ಬೆಲ್ಲ ಒಲ್ಲದ ಜಿರಳೆ

ನಾನು ನಿಂತಿದ್ದದ್ದು ಜೆ.ಪಿ. ನಗರದ ನಮ್ಮ ಅಡುಗೆಮನೆಯಲ್ಲಿ, ಸಿಂಕಿನಿಂದ ಎರಡು ಹೆಜ್ಜೆ ಎಡಕ್ಕೆ; ಭಾನುವಾರ ಬೆಳಿಗ್ಗೆ ಏಳೂಕಾಲು. ಇಷ್ಟು ಕರಾರುವಾಕ್ಕಾಗಿ ಹೇಳುವುದಕ್ಕೆ ಕಾರಣ, ಸುಮ್ಮನೆ ಹೇಳಿದರೆ ಯಾರೂ ನಂಬುತ್ತಿಲ್ಲ.

ಎಂಟು ದಿನಗಳಿಂದ ನಮ್ಮ ಮನೆಯಲ್ಲಿ ಒಲೆ ಹಚ್ಚಿರಲಿಲ್ಲ. ಒಗ್ಗರಣೆ ಡಬ್ಬಿಯಲ್ಲಿ ಜಿರಳೆ ಕಂಡ ನನ್ನ ಹೆಂಡತಿ ವನಜ, "ಇವು ಹೋಗೋವರೆಗೂ ನಾನು ಅಡುಗೆ ಮಾಡಲ್ಲ ರೀ" ಎಂದುಬಿಟ್ಟಿದ್ದಳು. ಮೂರು ಹೊತ್ತೂ ದರ್ಶಿನಿಯಲ್ಲಿ ನಿಂತು ತಿಂದು, ಮನೆಯ ಸಾರನ್ನು ನೆನೆಯುತ್ತಾ ಇಡ್ಲಿ ನುಂಗುವ ಸ್ಥಿತಿಗೆ ಬಂದಿದ್ದೆ. ಅಂಗಡಿಯ ಜೆಲ್ ಇಟ್ಟೆ, ಸ್ಪ್ರೇ ಹೊಡೆದೆ. ಕೊನೆಗೆ ಮೈದಾಹಿಟ್ಟಿಗೆ ಬೋರಿಕ್ ಪುಡಿ ಬೆರೆಸಿ ನಾನೇ ಉಂಡೆ ಕಟ್ಟಿದೆ. ನಮ್ಮಲ್ಲಿ ಸಾರಿಗೇ ಬೆಲ್ಲ ಬೀಳಬೇಕು, ವಿಷಕ್ಕೆ ಬೀಳದಿದ್ದರೆ ಹೇಗೆ? ಧಾರಾಳವಾಗಿ ಹಾಕಿ, ಸಿಂಕಿನ ಪಕ್ಕ ಇಟ್ಟೆ.

ಆ ಭಾನುವಾರ ಹಾಡಹಗಲಲ್ಲಿ ಹೊರಬಂದದ್ದು ಒಂದು ಹೆಣ್ಣು ಜಿರಳೆ, ಹಿಂದೆ ಮೊಟ್ಟೆಯ ಚೀಲ. ಉಂಡೆಯ ಹತ್ತಿರ ಬಂತು. ಮೀಸೆ ಆಡಿಸಿತು. ಬಾಯಿ ತಾಗಿಸಿತು. ಮೂರಂಗುಲ ಹಿಂದೆ ಸರಿದು, ಬಾಯಿ ಒರೆಸಿಕೊಂಡು, ಉಂಡೆಯನ್ನು ಬಳಸಿ ಮುಂದೆ ನಡೆಯಿತು. ಒರೆಸಿಕೊಂಡದ್ದನ್ನು ನಾನು ಕಣ್ಣಾರೆ ಕಂಡೆ.

ನಾನು ಕರೆಸಿದ್ದ, ಔಷಧಿ ಹೊಡೆಯುವ ಬಿಳೇಕಹಳ್ಳಿಯ ಮಂಜಣ್ಣ ನನ್ನ ಹಿಂದೆಯೇ ನಿಂತಿದ್ದ. "ಬೆಲ್ಲ ಹಾಕಿದ್ರಾ ಸಾರ್?" ಎಂದ.

"ಅಚ್ಚಿನ ಬೆಲ್ಲ. ಒಳ್ಳೇದು."

"ಅದೇ ತಪ್ಪು. ಈ ಏರಿಯಾದಲ್ಲಿ ವರ್ಷಗಟ್ಟಲೆ ಎಲ್ರೂ ಸಿಹಿ ಮದ್ದೇ ಇಟ್ಟಿದ್ದಾರೆ. ಸಿಹಿ ಇಷ್ಟಪಟ್ಟವೆಲ್ಲ ಸತ್ತೋದ್ವು. ಹಿಡಿಸದೇ ಇದ್ದವು ಮರಿ ಹಾಕಿದ್ವು. ಇವು ಅವುಗಳ ಮರಿಮಕ್ಕಳು. ಇನ್ನೊಂದು ಸಾರ್, ಸ್ಪ್ರೇ ಹೊಡೆದ್ರೆ ಇವು ಸಾಯೋ ಮುಂಚೆ ಮೊಟ್ಟೆ ಚೀಲ ಬೀಳಿಸ್ಬಿಡ್ತವೆ. ಒಂದು ಸತ್ರೆ ಮೂವತ್ತು ಹುಟ್ತವೆ."

ಅಂದರೆ ಎಂಟು ದಿನ ನಾನು ಮಾಡಿದ್ದು ಅವುಗಳ ಬಾಣಂತನ.

ಬಾಗಿಲಲ್ಲಿ ನಿಂತು ಎಲ್ಲ ನೋಡಿದ್ದ ವನಜ ಹೇಳಿದಳು: "ನಿಮಗೆ ಶುಗರ್ ಇದೆ, ಸಿಹಿ ಬಿಡಿ ಅಂತ ಡಾಕ್ಟರ್ ಹೇಳಿ ಆರು ವರ್ಷ ಆಯ್ತು. ಅದಕ್ಕಿರೋ ಬಾಯಿಕಟ್ಟು ನಿಮಗಿಲ್ವಲ್ಲ ರೀ."

ಮಂಜಣ್ಣ ಬೆಲ್ಲವಿಲ್ಲದ ಮದ್ದು ಇಟ್ಟ. ಅದನ್ನು ನಂಬಿ ವನಜ ಅಂದೇ ಒಲೆ ಹಚ್ಚಿದಳು, ಬೆಲ್ಲವಿಲ್ಲದ ಸಾರು ಮಾಡಿದಳು. ಒಂದು ತುತ್ತು ತಿಂದು ತಟ್ಟೆಯನ್ನು ತುಸು ಹಿಂದೆ ಸರಿಸಿದೆ. ಹಾಗೆ ನೋಡಿದರೆ, ಸತ್ತೋದವುಗಳ ಪಂಗಡ ನನ್ನದು.

ಅಂದು ನಡೆದದ್ದನ್ನು ಕಂಡವರಲ್ಲಿ ವನಜ ಇದ್ದಾಳೆ, ಮಂಜಣ್ಣ ಇದ್ದಾನೆ. ಜಿರಳೆಯೂ ಕ್ಷೇಮ, ನಿನ್ನೆ ಕಂಡೆ, ಚೀಲ ಇರಲಿಲ್ಲ.