ಹೊಸ್ತಿಲು ದಾಟಿದ ಬೂಟು

ಪ್ರತಿಯೊಬ್ಬ ಮನುಷ್ಯನಿಗೂ ಹೇಳಿಕೊಳ್ಳಲು ಒಂದಾದರೂ ಒಳ್ಳೆಯ ಗುಣ ಇರಬೇಕು. ಕೆಲವರು ದಾನ ಮಾಡುತ್ತಾರೆ, ಕೆಲವರು ಸುಳ್ಳು ಹೇಳುವುದಿಲ್ಲ, ಇನ್ನು ಕೆಲವರು ಬೆಳಗಿನ ಜಾವ ಎದ್ದು ಊರೆಲ್ಲ ತಿರುಗಿ ಬಂದು ಉಳಿದವರನ್ನು ಸೋಮಾರಿಗಳೆಂದು ಬೈಯುತ್ತಾರೆ. ನನ್ನ ಪಾಲಿಗೆ ಬಂದ ಗುಣ ಒಂದೇ. ನಾನು ಚಪ್ಪಲಿ ಹಾಕಿಕೊಂಡು ಒಳಗೆ ಬರುವುದಿಲ್ಲ, ಬೇರೆಯವರನ್ನೂ ಬರಗೊಡುವುದಿಲ್ಲ. ಹಗರಿಬೊಮ್ಮನಹಳ್ಳಿಯಲ್ಲಿ ನನ್ನದೊಂದು ಬೀಜ-ಗೊಬ್ಬರದ ಅಂಗಡಿ ಇದೆ. ಅಲ್ಲಿಯೂ ಇದೇ ಕಾನೂನು. ಮೆಕ್ಕೆಜೋಳದ ಬೀಜ ಕೇಳಲು ಬಂದವರು ಚಪ್ಪಲಿಯನ್ನು ಮೆಟ್ಟಿಲ ಕೆಳಗೇ ಬಿಟ್ಟು ಬರಬೇಕು. "ಇದು ಅಂಗಡಿನೋ ಗುಡಿನೋ ಸಾವ್ಕಾರ್ರ?" ಎಂದು ಹಂಪಸಾಗರದ ಕಡೆಯ ಗಿರಾಕಿಯೊಬ್ಬ ಕೇಳಿದ್ದ. ಅದನ್ನು ನಾನು ಹೊಗಳಿಕೆ ಎಂದೇ ತಿಳಿದು ಮನೆಗೆ ಬಂದು ಹೆಂಡತಿಗೆ ವರದಿ ಒಪ್ಪಿಸಿದೆ. "ಆ ಗಿರಾಕಿ ಇನ್ನ ಎದುರಿನ ಅಂಗಡಿಗೆ ಹೋಗ್ತಾನ, ನೋಡ್ಕೊಂತ ಕುಂದ್ರರಿ" ಎಂದಳು ಗೌರಮ್ಮ. ಹಾಗೆಯೇ ಆಯಿತು. ನಾನು ಬದಲಾಗಲಿಲ್ಲ.

ಇಂಥ ನನ್ನ ಮನೆಗೆ ಮೊಮ್ಮಗಳು ನೀಲಾ ಬಂದಳು. ಹುಟ್ಟಿದಾಗಲೇ ಅವಳ ಬಲಗಾಲು ಒಳಕ್ಕೆ ತಿರುಗಿತ್ತು, ಅಂಗಾಲು ಇನ್ನೊಂದು ಕಾಲಿನ ಕಡೆ ನೋಡುತ್ತಿತ್ತು. ಸೊಸೆ ಶಿವಲೀಲಾ ಹೂವಿನಹಡಗಲಿಯವಳು, ಮಾತು ಕಡಿಮೆ. ಬಾಣಂತಿ ಕೋಣೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಹಲವಾಗಲಿನಿಂದ ಬಂದ ನನ್ನ ಅಕ್ಕ ಮಾತ್ರ ಸುಮ್ಮನಿರಲಿಲ್ಲ. "ಗ್ರಹಣದ ದಿನ ಏನ್ ಮಾಡಿದ್ದವ್ವ? ಕೈಯಾಗ ಈಳಿಗಿ ಹಿಡಿದಿದ್ದೇನು?" ಎಂದು ವಿಚಾರಣೆ ಶುರು ಮಾಡಿದಳು. "ಇಲ್ರಿ ಅತ್ತಿ, ಮೊಬೈಲ್ ಹಿಡಿದಿದ್ದೆ" ಎಂದಳು ಶಿವಲೀಲಾ. ಮೊಬೈಲಿಗೆ ಅಕ್ಕನ ಬಳಿ ಯಾವ ಶಾಸ್ತ್ರವೂ ಇರಲಿಲ್ಲವಾದ್ದರಿಂದ ವಿಚಾರಣೆ ಅಲ್ಲಿಗೇ ನಿಂತಿತು.

ಮಗ ವೀರೇಶ ಎಲ್ಲೆಲ್ಲೋ ವಿಚಾರಿಸಿ, ದೂರದ ಆಸ್ಪತ್ರೆಯೊಂದಕ್ಕೆ ಕೂಸನ್ನು ತೋರಿಸಿಕೊಂಡು ಬಂದ. ವಾರ ವಾರ ಹೋಗಬೇಕು, ಕಾಲನ್ನು ಒಂದಿಷ್ಟು ತಿರುಗಿಸಿ ಪ್ಲಾಸ್ಟರ್ ಹಾಕುತ್ತಾರೆ, ಮುಂದಿನ ವಾರ ಬಿಚ್ಚಿ ಇನ್ನೊಂದಿಷ್ಟು ತಿರುಗಿಸಿ ಮತ್ತೆ ಹಾಕುತ್ತಾರೆ. ಬಸ್ಸಿನಲ್ಲಿ ಸೀಟು ಹಿಡಿಯುವ ಕೆಲಸ ನನ್ನದು. ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವುದರಲ್ಲಿ ನಾನು ಈ ವಯಸ್ಸಿನಲ್ಲೂ ಹುಡುಗರಿಗೆ ಕಡಿಮೆಯಿಲ್ಲ. ಕೊನೆಗೆ ಹಿಮ್ಮಡಿಯ ಹಿಂದೆ ಬಿಗಿದ ನರ ಬಿಡಿಸಲು ಒಂದು ಸಣ್ಣ ಗಾಯ ಮಾಡಿ, ಕೊನೆಯ ಪ್ಲಾಸ್ಟರ್ ಹಾಕಿ, ಅದನ್ನೂ ಬಿಚ್ಚಿದಾಗ ಕಾಲು ಎಲ್ಲರ ಕಾಲಿನಂತೆ ನೇರವಾಗಿತ್ತು. ನಾನು ಓಣಿಗೆಲ್ಲ ಸಕ್ಕರೆ ಹಂಚಬೇಕೆಂದು ಅಲ್ಲೇ ತೀರ್ಮಾನಿಸಿದೆ. ಆದರೆ ಡಾಕ್ಟರು, "ಯಜಮಾನ್ರೇ, ಇನ್ನು ಮೇಲೆ ಇರೋದೇ ದೊಡ್ಡ ಕೆಲಸ" ಎಂದು ಒಂದು ಜೊತೆ ಪುಟ್ಟ ಬೂಟು ತೆಗೆದಿಟ್ಟರು. ಎರಡರ ನಡುವೆ ಕಬ್ಬಿಣದ ಪಟ್ಟಿ. ಮೊದಲ ಮೂರು ತಿಂಗಳು ಹಗಲೂ ರಾತ್ರಿ ಹಾಕಿರಬೇಕು, ಸ್ನಾನಕ್ಕೆ ಮಾತ್ರ ತೆಗೆಯಬೇಕು. ಆಮೇಲೆ ನಾಲ್ಕೈದು ವರ್ಷದವಳಾಗುವ ತನಕ ಮಲಗುವಾಗ. ತೆಗೆದರೆ ಕಾಲು ಹಳೆಯ ದಾರಿಯನ್ನೇ ಹಿಡಿಯುತ್ತದೆ.

ಇಷ್ಟು ವಿವರದಲ್ಲಿ ನನ್ನ ಕಿವಿಗೆ ಬಿದ್ದದ್ದು ಬೂಟು ಎಂಬ ಮಾತು ಒಂದೇ. "ಮನಿಯೊಳಗೂ ಹಾಕಬೇಕೇನ್ರಿ?" ಎಂದು ಕೇಳಿದೆ. "ಕೂಸು ಇರೋದು ಮನೆಯೊಳಗೇ ಅಲ್ವಾ?" ಎಂದರು ಡಾಕ್ಟರು. "ಚರ್ಮ ಬಿಟ್ಟು ಬೇರೆದರಾಗ ಸಿಗ್ತಾವೇನ್ರಿ, ಬಟ್ಟಿವು?" ಎಂದೆ. ವೀರೇಶ ನನ್ನ ಪರಿಚಯವೇ ಇಲ್ಲದವನಂತೆ ಫ್ಯಾನು ನೋಡತೊಡಗಿದ.

ಮೊದಲ ಕೆಲವು ದಿನ ನೀಲಾ ಅತ್ತದ್ದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ಒಂದು ಕಾಲು ಒದೆಯಲು ಹೋಗುವಳು, ಪಟ್ಟಿ ಬಿಡದು, ಇನ್ನೊಂದು ಕಾಲೂ ಜೊತೆಗೆ ಬರುವುದು, ಸಿಟ್ಟು ನೆತ್ತಿಗೇರುವುದು. ಶಿವಲೀಲಾ ಎದುರು ಕೂತು ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು, ಮೆಲ್ಲಗೆ ಹಿಂದಕ್ಕೆ ಮುಂದಕ್ಕೆ ಮಾಡುತ್ತ, "ಎರಡೂ ಕೂಡಿ ಒದಿ ಬಂಗಾರಿ, ಕೂಡಿ ಒದಿ" ಎಂದು ಆಡಿಸುತ್ತಿದ್ದಳು. ಕೂಸು ಕಲಿತೇಬಿಟ್ಟಿತು. ಕಲಿತ ಮೇಲೆ ಎದುರಿಗೆ ಬಂದವರಿಗೆಲ್ಲ ಎರಡೂ ಕೂಡಿಯೇ ಒದೆಯತೊಡಗಿತು. ಹಿರಿಯರ ಮೈಗೆ ಚಪ್ಪಲಿ ತಾಗಬಾರದಲ್ಲ, ಅದಕ್ಕಾಗಿ ಕೂಸು ಒದ್ದವರನ್ನೆಲ್ಲ ಶಿವಲೀಲಾ ಕೂಸಿನ ಪರವಾಗಿ ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕಾಯಿತು. ನನ್ನ ಗದ್ದಕ್ಕೆ ಪಟ್ಟಿ ಬಡಿದ ದಿನ ಅವಳು ನನ್ನ ಕಾಲು ಮುಟ್ಟಿದಳು. ನಾನು ಗದ್ದ ಹಿಡಿದುಕೊಂಡೇ ಆಶೀರ್ವಾದ ಮಾಡಿದೆ.

ಇಲ್ಲಿಯವರೆಗೆ ಹೇಳುವುದು ಸುಲಭ. ಮುಂದಿನದನ್ನು ಹೇಳಲು ನನಗೆ ನಾಚಿಕೆ. ಬೆಳಿಗ್ಗೆ ನಾನು ಮಿಂದು, ವಿಭೂತಿ ಹಚ್ಚಿ, ಅಂಗೈಯಲ್ಲಿ ಲಿಂಗ ಇಟ್ಟು ಪೂಜೆಗೆ ಕೂತಾಗ ಕೂಸನ್ನು ಪಕ್ಕದಲ್ಲಿ ಮಲಗಿಸಿಕೊಳ್ಳುವುದು ರೂಢಿ. ದೇವರ ಕೋಣೆಗೆ ಬೂಟು ಬರುವುದೆಂದರೇನು! ಬೂಟು ತೆಗೆದು ಹೊಸ್ತಿಲ ಆಚೆ ಇಡುತ್ತಿದ್ದೆ. "ಮಾವಾರ, ಡಾಕ್ಟರು ತೆಗೀಬ್ಯಾಡ ಅಂದಾರ್ರಿ" ಎಂದು ಶಿವಲೀಲಾ ಬಾಗಿಲಲ್ಲಿ ನಿಂತು ಹೇಳುತ್ತಿದ್ದಳು. "ಒಂದು ಗಳಿಗಿ ಅಷ್ಟ ಅಲ್ಲೇನವ್ವ" ಎನ್ನುತ್ತಿದ್ದೆ. ನನ್ನ ಪೂಜೆಯ ಒಂದು ಗಳಿಗೆ ಎಷ್ಟು ಉದ್ದವೆಂಬುದು, ಅದು ಮುಗಿಯಲೆಂದು ನಾಷ್ಟಾಕ್ಕೆ ಕಾದ ನನ್ನ ಮನೆಯವರಿಗೆಲ್ಲ ಗೊತ್ತು. ಮಠಕ್ಕೆ ಹೋದಾಗಲೂ ಅಷ್ಟೇ, ಸ್ವಾಮಿಗಳ ಮುಂದೆ ಬೂಟುಗಾಲಿನ ಕೂಸನ್ನು ಹೇಗೆ ಹಿಡಿಯುವುದು? ಮನೆಗೆ ನೆಂಟರು ಬಂದರೆ, ತೊಡೆಯ ಮೇಲೆ ಹಾಕುವ ಮುಂಚೆ ಬಿಚ್ಚಲೇಬೇಕು. ಅಕ್ಕ ಮತ್ತೊಮ್ಮೆ ಬಂದವಳು, "ಏನ್ ತಮ್ಮಾ ಇದು, ಕೂಸಿಗೆ ಬೇಡಿ ಹಾಕೀರಿ? ಯಾರ ಮನಿ ಕಳುವು ಮಾಡ್ಯಾಳ ಇಕಿ?" ಎಂದು ಕಣ್ಣಲ್ಲಿ ನೀರು ತಂದಳು. ಅಕ್ಕ ಇದ್ದಷ್ಟು ದಿನ ಬೂಟು ಹೆಚ್ಚು ಕಡಿಮೆ ಗೂಟದ ಮೇಲೆಯೇ ಇತ್ತು. ನೆಂಟರು ಹೋದ ಮೇಲೆ, ಪೂಜೆ ಮುಗಿದ ಮೇಲೆ, "ಶಿವಲೀಲಾ, ಕೂಸಿನ ಬೂಟು ಹಾಕವ್ವ" ಎಂದು ಕೂಗಿ ನಾನು ಅಂಗಡಿಗೆ ಹೊರಡುತ್ತಿದ್ದೆ. ಅವಳು ಕೈಯೊಳಗಿನ ಕೆಲಸ ಬಿಟ್ಟು ಬರುತ್ತಿದ್ದಳು.

ತೆಗೆಯುವವನು ನಾನೊಬ್ಬನೇ ಎಂದು ತಿಳಿಯಬೇಡಿ. ಗೌರಮ್ಮ ಎಣ್ಣೆ ತಿಕ್ಕಲು ತೆಗೆಯುತ್ತಿದ್ದಳು, ತಿಕ್ಕಿದ ಮೇಲೆ ಕೂಸು ಹಗುರಾಗಿ ಮಲಗಿತೆಂದು ಹಾಗೇ ಬಿಡುತ್ತಿದ್ದಳು. ವೀರೇಶ ಫೋಟೋ ತೆಗೆಯಲು ತೆಗೆಯುತ್ತಿದ್ದ. ಪ್ರತಿಯೊಬ್ಬರೂ ನಾನು ಮಾತ್ರ ಸ್ವಲ್ಪ ತೆಗೆಯುತ್ತೇನೆ, ಉಳಿದವರು ಸರಿಯಾಗಿ ಹಾಕುತ್ತಾರೆ ಎಂದು ನಂಬಿದ್ದೆವು. ಮನೆತನದ ಒಗ್ಗಟ್ಟು ಎಂದು ನಾನು ಊರವರ ಮುಂದೆ ಹೇಳಿಕೊಳ್ಳುತ್ತಿದ್ದದ್ದು ಇದನ್ನೇ.

ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಡಾಕ್ಟರು ಬಲಗಾಲು ಹಿಡಿದು ತಿರುಗಿಸಿ ನೋಡಿದರು. ಮತ್ತೊಮ್ಮೆ ನೋಡಿದರು. ಅವರ ಮುಖದ ನಗು ಹೋಯಿತು. ಪಾದ ಮತ್ತೆ ಒಳಕ್ಕೆ ಎಳೆಯುತ್ತಿತ್ತು, ಹಿಮ್ಮಡಿ ಮೇಲಕ್ಕೇರಿತ್ತು. "ಬೂಟು ಹಾಕ್ತಿದ್ದೀರಾ?" ಎಂದರು. "ಹಾಕ್ತೀವ್ರಿ" ಎಂದೆವು ಎಲ್ಲರೂ, ಶಾಲೆಯ ಮಕ್ಕಳಂತೆ. "ಸರಿಯಾಗಿ ಹಾಕಿದ್ರೆ ಹೀಗಾಗಲ್ಲ. ಯಾರು ತೆಗೀತಿದ್ರಿ?" ನಾನು ಬಾಯಿ ತೆರೆಯಬೇಕಿತ್ತು. ನಾನು ಹಿರಿಯ, ಅಂಗಡಿಯ ಯಜಮಾನ, ಊರಿನಲ್ಲಿ ನಾಲ್ಕು ಜನ ಮಾತು ಕೇಳುವ ಮನುಷ್ಯ. ಗೌರಮ್ಮ ಸೆರಗು ಸರಿಮಾಡಿಕೊಂಡಳು. "ನಾನ ತೆಗೀತಿದ್ದೆ ಸರ್" ಎಂದಳು ಶಿವಲೀಲಾ. ಡಾಕ್ಟರು ಅವಳನ್ನು ಬೈದರು. ಓದಿದವಳು ನೀನು, ನಿನ್ನ ಮಗು ನಾಳೆ ಕುಂಟಿದರೆ ಯಾರನ್ನು ಕೇಳುತ್ತೀಯ ಎಂದರು. ಅವಳು ತಲೆ ತಗ್ಗಿಸಿ ಕೂಸಿನ ಕಾಲು ಸವರುತ್ತಿದ್ದಳು. ನಾನು ಗೋಡೆಯ ಮೇಲಿದ್ದ ಲಸಿಕೆಯ ಚಿತ್ರವನ್ನು ಓದುತ್ತ ಕೂತೆ. ಆ ಚಿತ್ರದಲ್ಲಿದ್ದ ನಗುವ ಕೂಸಿನ ಅಂಗಿಯ ಬಣ್ಣ ಕೂಡ ನನಗೆ ಈಗಲೂ ನೆನಪಿದೆ.

ಮತ್ತೆ ಪ್ಲಾಸ್ಟರ್ ಶುರುವಾಯಿತು. ಮೊದಲ ಸಲ ಕೂಸಿಗೆ ಏನೂ ತಿಳಿಯುತ್ತಿರಲಿಲ್ಲ. ಈ ಸಲ ಮಗ್ಗುಲಾಗುವ, ತೆವಳುವ ವಯಸ್ಸು. ತೆವಳಲು ಹೋಗಿ ಭಾರಕ್ಕೆ ಆಗದೆ, ಅಲ್ಲೇ ಮುಖ ಊರಿ ಅಳುತ್ತಿದ್ದಳು. ಓಣಿಯ ಅದೇ ವಯಸ್ಸಿನ ಕೂಸುಗಳು ಅಂಗಳದ ತುಂಬ ತೆವಳುತ್ತಿದ್ದವು. ಶಿವಲೀಲಾ ನನಗೆ ಒಂದು ಮಾತೂ ಅನ್ನಲಿಲ್ಲ. ಮುಂಚಿನಂತೆಯೇ ಚಹಾ ತಂದಿಟ್ಟಳು, ರೊಟ್ಟಿ ಬಡಿಸಿದಳು. ಕೂಸನ್ನು ಮಾತ್ರ ನನ್ನ ಕೈಗೆ ಕೊಡುವುದನ್ನು ಬಿಟ್ಟಳು. ನೀರು ತರಲು ಹೋದರೆ ಒಂದು ಸೊಂಟದಲ್ಲಿ ಕೊಡ, ಇನ್ನೊಂದರಲ್ಲಿ ಕೂಸು. ನಾನು ಪೂಜೆಗೆ ಕೂತರೆ ಪಕ್ಕದ ಜಾಗ ಖಾಲಿ. ಬೈದಿದ್ದರೆ ತಿರುಗಿ ಏನಾದರೂ ಹೇಳಬಹುದಿತ್ತು. ಬೈಯದವರ ಮುಂದೆ ನಾನು ಏನೂ ಮಾಡಲಾರೆ.

ಎರಡನೆಯ ಸಲ ಬೂಟು ಬಂದಾಗ ನಾನು ಬೇರೆ ಮನುಷ್ಯನಾಗಿದ್ದೆ. ನಾನೇ ಬೂಟನ್ನು ದೇವರ ಕೋಣೆಗೆ ಕರೆದೆ. ಸ್ವಾಮಿಗಳ ಮುಂದೆ ಬೂಟುಗಾಲಿನ ಕೂಸನ್ನೇ ಹಿಡಿಸಿದೆ, ಅವರು ನಕ್ಕು ಬೂಟಿನ ಮೇಲೆಯೇ ಒಂದಿಷ್ಟು ವಿಭೂತಿ ಹಚ್ಚಿದರು. ಇಷ್ಟು ಸುಲಭವೆಂದು ಗೊತ್ತಿದ್ದರೆ ಮೊದಲೇ ಕೇಳುತ್ತಿದ್ದೆನಲ್ಲ ಎಂದು ದಾರಿಯುದ್ದಕ್ಕೂ ಹಲ್ಲು ಕಡಿದುಕೊಂಡೆ. ಅಕ್ಕ ಬಂದು ಬೂಟಿಗೆ ಕೈ ಹಾಕಿದಾಗ, "ಅಕ್ಕಾ, ಮುಟ್ಟಬ್ಯಾಡ! ಬೇಕಾದ್ರ ನೀನ ದೂರ ಕುಂದ್ರು" ಎಂದು ಕಿರುಚಿದೆ. ಅಕ್ಕ ಸಿಟ್ಟಾಗಿ ಊಟ ಬಿಟ್ಟಳು, ಸಂಜೆ ಹೊತ್ತಿಗೆ ಸರಿಹೋದಳು. ಇದನ್ನೆಲ್ಲ ಶಿವಲೀಲಾ ನೋಡುವಂತೆಯೇ ಮಾಡಿದೆನೆಂದು ಒಪ್ಪಿಕೊಳ್ಳುತ್ತೇನೆ. ಅವಳು ನೋಡಿದಳು, ಕೂಸನ್ನು ಎತ್ತಿಕೊಂಡು ಒಳಗೆ ಹೋದಳು.

ನೀಲಾ ತಡವಾಗಿಯಾದರೂ ನಡೆದಳು. ಈಗ ಮನೆ ತುಂಬ ಓಡುತ್ತಾಳೆ, ಬೂಟು ಮಲಗುವಾಗ ಮಾತ್ರ. ಮೊನ್ನೆ ಶಿವಲೀಲಾಳ ಬಸುರಿ ತಂಗಿಯ ಕುಬುಸ ಇತ್ತು, ತವರು ಹಡಗಲಿಯಲ್ಲಿ. ಗೌರಮ್ಮನೂ ಹೊರಟಳು. ಕೂಸಿಗೆ ನೆಗಡಿ, ಬಸ್ಸಿನ ಗಾಳಿಗೆ ಬೇಡವೆಂದಾಯಿತು. ವೀರೇಶ ಅಂಗಡಿಯಲ್ಲಿ. ಶಿವಲೀಲಾ ಹೊಸ ಸೀರೆಯಲ್ಲಿ ಬಾಗಿಲ ಬಳಿ ಬಹಳ ಹೊತ್ತು ನಿಂತಿದ್ದಳು. ಕೊನೆಗೆ, "ಮಾವಾರ, ಮಧ್ಯಾಹ್ನ ಮಲಗಿಸುವಾಗ ಬೂಟು ನೀವ ಹಾಕಬೇಕ್ರಿ" ಎಂದಳು. ನನಗೆ ಪಂಚಾಯಿತಿ ಎಲೆಕ್ಷನ್ ಗೆದ್ದಷ್ಟು ಸಂತೋಷವಾಯಿತು.

ಮಧ್ಯಾಹ್ನ ಅನ್ನ-ಸಾರು ಉಣ್ಣಿಸಿ ಬೂಟು ತೆಗೆದುಕೊಂಡೆ. ನೀಲಾ ಒದ್ದಳು, ಅತ್ತಳು, "ತಾತ ಬ್ಯಾಡ, ತಾತ ಬ್ಯಾಡ" ಎಂದಳು. ಅದು ಬೂಟು ಬೇಡ ಎಂದೋ ತಾತನೇ ಬೇಡ ಎಂದೋ ನಾನು ವಿಚಾರಿಸಲು ಹೋಗಲಿಲ್ಲ. ಬೆವರು ಸುರಿಸಿ ಬೂಟಿನ ಚರ್ಮದ ಪಟ್ಟಿಗಳನ್ನು ಬಿಗಿದೆ. ಬಿಕ್ಕುತ್ತಲೇ ನಿದ್ದೆ ಹೋದಳು. ನನ್ನ ಕೈ ತಾನಾಗಿಯೇ ಬೂಟಿನ ಕಡೆ ಹೋಗುತ್ತಿತ್ತು, ಎಳೆದುಕೊಳ್ಳುತ್ತಿದ್ದೆ. ಯಾರೋ ಬಾಗಿಲು ಬಡಿದರೂ ಏಳಲಿಲ್ಲ. ಅವಳ ತಲೆಯ ಬಳಿ ಬೀಸಣಿಗೆ ಹಿಡಿದು ಕಾವಲು ಕೂತೆ. ಕೊನೆಗೂ ಒಂದು ಸರಿಯಾದ ಕೆಲಸ ಮಾಡಿದೆ ಅನ್ನಿಸಿ ಕಣ್ಣು ತುಂಬಿ ಬಂತು.

ಶಿವಲೀಲಾ ಅತ್ತೆಗಿಂತ ಮೊದಲು, ಒಂದು ಬಸ್ಸು ಮುಂಚೆಯೇ ಬಂದಳು. ಮುಡಿದ ಮಲ್ಲಿಗೆ ಕೂಡ ತೆಗೆಯದೆ ಕೂಸಿನ ಹತ್ತಿರ ಕೂತಳು. ನಾನು ಬಹುಮಾನಕ್ಕೆ ಕಾದವನಂತೆ ನಿಂತಿದ್ದೆ. ಅವಳು ಬೂಟನ್ನು ಮೆಲ್ಲಗೆ ಓರೆ ಮಾಡಿ, ಹಿಂಭಾಗದಲ್ಲಿದ್ದ ಸಣ್ಣ ಕಿಂಡಿಯಲ್ಲಿ ನೋಡಿದಳು. ಆ ಕಿಂಡಿಯನ್ನು ಗಾಳಿಯಾಡಲು ಬಿಟ್ಟದ್ದೆಂದು ನಾನು ಅಲ್ಲಿಯ ತನಕ ತಿಳಿದಿದ್ದೆ.

"ಮಾವಾರ, ಹಿಮ್ಮಡಿನ ಇಲ್ಲಲ್ರಿ ಇಲ್ಲಿ."

"ಎಲ್ಲಿ ಹೋತವ್ವ?" ಎಂದೆ ಗಾಬರಿಯಾಗಿ.

"ಮ್ಯಾಲೆದ್ದೈತಿ. ಈ ಕಿಂಡಿಯಾಗ ಹಿಮ್ಮಡಿ ಕಾಣಬೇಕ್ರಿ. ಇಲ್ಲಂದ್ರ ಹಾಕಿದ್ದೂ ಒಂದ, ಬಿಟ್ಟಿದ್ದೂ ಒಂದ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಆಶ್ಚರ್ಯವಿತ್ತು. "ನಿಮಗ ಗೊತ್ತಿಲ್ಲೇನ್ರಿ? ಇಷ್ಟು ದಿನ ನೀವು..." ಎಂದವಳು ಅಲ್ಲಿಗೇ ನಿಲ್ಲಿಸಿದಳು.

ಉಳಿದದ್ದನ್ನು ನಾನೇ ಮುಗಿಸಿಕೊಂಡೆ. ಇಷ್ಟು ದಿನ ಆ ಬೂಟನ್ನು ಎಷ್ಟೋ ಸಲ ತೆಗೆದಿದ್ದೇನೆ, ಒಂದು ಸಲವೂ ಹಾಕಿಲ್ಲ. ನನ್ನ ಅಷ್ಟು ಪೂಜೆ, ಅಷ್ಟು ನೆಂಟರು, ಅಷ್ಟು ಮರ್ಯಾದೆ, ಎಲ್ಲ ಮುಗಿದ ಮೇಲೆ ಅಳುವ ಕೂಸಿನ ಕಾಲು ಹಿಡಿದು ಕೂತವಳು ಅವಳು.

ಮಾತಿನ ಸದ್ದಿಗೆ ನೀಲಾ ಎದ್ದಳು. ಶಿವಲೀಲಾ ಬೂಟು ಬಿಚ್ಚಿ ನನ್ನ ಕೈಗೆ ಕೊಟ್ಟಳು. "ಕುಂದ್ರರಿ. ಈಗ ಹಾಕ್ರಿ, ನಾ ನೋಡ್ತೀನಿ." ನಾನು ನೆಲದ ಮೇಲೆ ಕೂತು ಆ ಕಾಲು ಹಿಡಿದೆ. ಇನ್ನೊಂದಕ್ಕಿಂತ ಸ್ವಲ್ಪ ಸಣ್ಣ ಕಾಲು. ಇದು ಈ ಮಕ್ಕಳಿಗೆಲ್ಲ ಇರುವುದೇ, ಯಾರ ತಪ್ಪೂ ಅಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಕೈಯಲ್ಲಿ ಹಿಡಿದಾಗ ಅದನ್ನು ನಂಬುವುದು ಕಷ್ಟ.

"ಅವತ್ತು ಡಾಕ್ಟರ ಮುಂದ ನಾನು..." ಎಂದು ಶುರು ಮಾಡಿದೆ.

"ಮೊದ್ಲು ಹಿಮ್ಮಡಿ ಕೂಡಸ್ರಿ ಮಾವಾರ" ಎಂದಳು.

ಹಿಮ್ಮಡಿ ಒತ್ತಿ ಹಿಡಿದು ಚರ್ಮದ ಪಟ್ಟಿ ಎಳೆದೆ. ಬಗ್ಗಿ ಕಿಂಡಿಯಲ್ಲಿ ನೋಡಿದರೆ ಏನೂ ಕಾಣಲಿಲ್ಲ. ಹಿಮ್ಮಡಿ ಕೂತಿರಲಿಲ್ಲವೋ, ನನ್ನ ಕಣ್ಣೇ ಮಂಜಾಗಿತ್ತೋ ತಿಳಿಯದೆ ಸೊಸೆಯನ್ನೇ ಕೇಳಿದೆ.

"ಇಲ್ರಿ, ಇನ್ನೂ ಕೂತಿಲ್ಲ. ಬಿಚ್ಚಿ ಇನ್ನೊಮ್ಮೆ ಹಾಕ್ರಿ" ಎಂದಳು. ಬಿಚ್ಚುವುದನ್ನು ಮಾತ್ರ ಅವಳು ಹೇಳಿಕೊಡಬೇಕಾಗಲಿಲ್ಲ.