ಎಣ್ಣೆ ಸೋರದ ಹೊಲಿಗೆ

ಟೈಲರ್ ಮಾಸ್ತರ ಕಾರಿನ ಕೆಳಗೆ ಒಂದು ಹನಿ ಎಣ್ಣೆ ಬಿದ್ದಿತ್ತು. ಗಾತ್ರದಲ್ಲಿ ಅದು ಕೋಟಿನ ಗುಂಡಿಗಿಂತ ದೊಡ್ಡದೇನಲ್ಲ. ಆದರೆ ಬಿದ್ದದ್ದು ಹೋದ ವಾರವಷ್ಟೇ ಅಂಗಳಕ್ಕೆ ಹಾಸಿದ ಬಿಳಿ ಟೈಲ್ಸಿನ ಮೇಲೆ, ಮೊದಲು ಕಂಡದ್ದು ಕಟ್ಟಡದ ಸಂಘದ ಸೆಕ್ರೆಟರಿಯವರ ಕಣ್ಣಿಗೆ.

"ಮಾಸ್ತರೇ, ಏನಿದು?"

"ಹನಿ ಸರ್."

"ಯಾರ್ದು?"

ಅಂಗಳದಲ್ಲಿ ಹೆಸರು ಹೇಳಿ ತಪ್ಪಿಸಿಕೊಳ್ಳಲು ಇನ್ನೊಂದು ಗಾಡಿ ಇರಲಿಲ್ಲ. ಮಾಸ್ತರು ತಲೆ ಕೆರೆದುಕೊಂಡರು. "ನಮ್ದೇ ಸರ್. ವಯಸ್ಸಾಯ್ತಲ್ಲ, ಒಂದೊಂದ್ಸಲ ಹಾಗೆ ಆಗತ್ತೆ."

"ಸಂಜೆ ಸಂಘದ ಸಭೆ ಇದೆ. ಸಭೆ ಮುಗಿದ ಮೇಲೆ ಎಲ್ಲರನ್ನೂ ಕರ್ಕೊಂಡು ಬಂದು ನೋಡ್ತೀನಿ. ಒಂದೇ ಒಂದು ಹನಿ ಕಂಡ್ರೂ ಗಾಡಿ ಹೊರಗೆ, ರಸ್ತೆಗೆ. ಆಯ್ತಾ?" ಸೆಕ್ರೆಟರಿಯವರು ಎರಡು ಹೆಜ್ಜೆ ಹೋಗಿ ತಿರುಗಿದರು. "ಅಂದ ಹಾಗೆ ನನ್ನ ಸೂಟು?"

"ರೆಡಿ ಸರ್. ಭುಜ ಅಂತೂ ಅಚ್ಚು ಹೊಯ್ದ ಹಾಗೆ ಕೂತಿದೆ."

"ನನ್ನ ಸನ್ಮಾನಕ್ಕೆ ಕೋಟಿನೊಳಗೆ ವೇಸ್ಟ್‌ಕೋಟ್ ಹಾಕ್ಕೋಬೇಕು ಅಂತ ಎಷ್ಟು ಆಸೆ ಇತ್ತು ಗೊತ್ತಾ?"

"ಏನ್ ಮಾಡೋದು ಸರ್, ನೀವು ಕೊಟ್ಟ ಬಟ್ಟೆ ಸಾಲ್ಲಿಲ್ಲ. ನಿಮ್ದು ಅಗಲವಾದ ಎದೆ."

ಎದೆ ಅಗಲ ಎಂದರೆ ಯಾರಿಗೆ ಬೇಜಾರು? ಸೆಕ್ರೆಟರಿಯವರು ಅದನ್ನು ಇನ್ನಷ್ಟು ಅಗಲಿಸಿಕೊಂಡು ಹೊರಟುಹೋದರು.

ಮಾಸ್ತರ ಜೀವ ಮಾತ್ರ ಬಾಯಿಗೆ ಬಂದಿತ್ತು. ಅವರ ಅಪ್ಪ, ಅಜ್ಜ ಸೈಕಲ್ ಬಿಟ್ಟು ಮೇಲೆ ಹೋದವರಲ್ಲ. ಬೇರೆ ಇಬ್ಬರು ಓಡಿಸಿ, ಸಾಕಾಗಿ ಮಾರಿದ್ದ ಕಾರಾದರೂ ಆ ವಂಶಕ್ಕೆ ಅದೇ ಮೊದಲ ಕಾರು. ನೆಲಮಹಡಿಯ ಅಂಗಡಿಯ ಕಿಟಕಿಗೆ ಸರಿಯಾಗಿ ಅದನ್ನು ನಿಲ್ಲಿಸಿ, ಒಂದೊಂದು ಹೊಲಿಗೆ ಮುಗಿದಾಗಲೂ ತಲೆಯೆತ್ತಿ ನೋಡುತ್ತಿದ್ದರು. ತೊಟ್ಟಿಲ ಮಗುವನ್ನು ನೋಡುವ ಹಾಗೆ ನೋಡುತ್ತಿದ್ದರು. ಅದು ರಸ್ತೆಗೆ ಹೋದರೆ ಕಿಟಕಿಯಲ್ಲಿ ಉಳಿಯುವುದು ಎದುರಿನ ಗೋಡೆ ಮಾತ್ರ.

ಆಗಲೇ ಕಾರನ್ನು ಬೀದಿಯ ಕೊನೆಯ ಗ್ಯಾರೇಜಿಗೆ ಒಯ್ದರು. ಮೆಕ್ಯಾನಿಕ್ ಕಾರಿನಡಿ ಮಲಗಿ, ಅಲ್ಲಿಂದಲೇ ಕೂಗಿದ. "ಎಂಜಿನ್ ಹಿಂದೆ ಎಣ್ಣೆ ತಡೆಯೋ ಸೀಲ್ ಹೋಗಿದೆ ಮಾಸ್ತರೇ!"

"ಸೀಲಿಗೆ ಎಷ್ಟಾಗತ್ತಪ್ಪಾ?"

"ಸೀಲ್ ಏನ್ ದೊಡ್ಡದು, ಒಂದ್ ಕಾಫಿ ದುಡ್ಡು."

ಮಾಸ್ತರಿಗೆ ಹೋದ ಜೀವ ಬಂದಂತಾಯಿತು. ಮೆಕ್ಯಾನಿಕ್ ಹೊರಗೆ ಬಂದು ಕೈ ಒರೆಸಿಕೊಂಡ. "ಆದ್ರೆ ಅಲ್ಲಿಗೆ ಕೈ ಹೋಗ್ಬೇಕು ಅಂದ್ರೆ ಗೇರ್‌ಬಾಕ್ಸ್ ಇಳಿಸ್ಬೇಕು, ಕ್ಲಚ್ ಬಿಚ್ಬೇಕು." ಎಲ್ಲ ಸೇರಿಸಿ ಅವನು ಹೇಳಿದ ಮೊತ್ತಕ್ಕೆ ಇಂಥ ಕಾರು ಅರ್ಧ ಬರುತ್ತಿತ್ತು.

"ಕಾಫಿ ದುಡ್ಡಿನ ಸಾಮಾನಿಗೆ ಇಷ್ಟಾ! ಇದೇನ್ ಹಗಲು ದರೋಡೆನಾ?"

"ಹೋದ ತಿಂಗಳು ನನ್ನ ಜರ್ಕಿನ್ನಿಗೆ ಜಿಪ್ ಹಾಕಿದ್ರಲ್ಲ, ಆಗ ಏನಂದ್ರಿ? ಜಿಪ್ ಏನ್ ದೊಡ್ಡದು, ಲೈನಿಂಗ್ ಬಿಚ್ಬೇಕಲ್ಲ ಅಂದ್ರಿ. ನಾನು ತುಟಿ ಎರಡು ಮಾಡದೆ ಕೊಟ್ನಲ್ಲ?"

ಮಾಸ್ತರು ಕೂಡ ತುಟಿ ಎರಡು ಮಾಡದೆ ಕಾರು ಹತ್ತಿದರು.

ಅಂಗಳಕ್ಕೆ ಬರುವಷ್ಟರಲ್ಲಿ ಸುದ್ದಿ ಕಟ್ಟಡಕ್ಕೆಲ್ಲ ಹಬ್ಬಿತ್ತು. ಮೇಲಿನ ಮನೆಯ ಅಜ್ಜಿ ಬಾಲ್ಕನಿಯಿಂದಲೇ ಅಪ್ಪಣೆ ಕೊಡಿಸಿದರು. "ಕೆಳಗೊಂದು ರಟ್ಟು ಹಾಸಪ್ಪ, ಅದಕ್ಕೇನು!" ಮಾಸ್ತರು ಹಾಸಿದರು. ಅರ್ಧ ಗಂಟೆ ರಟ್ಟು ಮರ್ಯಾದೆಯಾಗಿ ಎಣ್ಣೆ ಕುಡಿಯಿತು. ಆಮೇಲೆ ಬೀಸಿದ ಗಾಳಿಗೆ ಎದ್ದು ಹೋಗಿ, ಎದುರುಮನೆಯ ಬ್ಯಾಂಕಿನವರು ಒಣಹಾಕಿದ್ದ ಬೆಡ್‌ಶೀಟನ್ನು ತಬ್ಬಿಕೊಂಡಿತು.

"ರಟ್ಟು ಯಾರಾದ್ರೂ ಹಾಕ್ತಾರಾ? ಟ್ರೇ ಇಡ್ಬೇಕು!" ಎಂದು ಬ್ಯಾಂಕಿನವರು ಬೆಡ್‌ಶೀಟ್ ಝಾಡಿಸುತ್ತಾ ಕೂಗಾಡಿದರು. ಮಾಸ್ತರು ಅಡುಗೆಮನೆಗೆ ಕಳ್ಳ ಹೆಜ್ಜೆಯಲ್ಲಿ ಹೋಗಿ ಹೆಂಡತಿಯ ಸ್ಟೀಲ್ ಟ್ರೇ ತಂದಿಟ್ಟರು. ಅದರೊಳಗೆ ಕಟ್ಟಡದ ಬೆಕ್ಕು ಕಾಲಿಟ್ಟಿತು. ನಾಲ್ಕೂ ಕಾಲು ಅದ್ದಿಕೊಂಡು ಅದು ಮೆಟ್ಟಿಲೇರಿ, ಬೇರೆ ಯಾರ ಮನೆಯೂ ಇಲ್ಲವೆಂಬಂತೆ ನೇರವಾಗಿ ಸೆಕ್ರೆಟರಿಯವರ ಬಾಗಿಲಿಗೆ ಹೋಗಿ ಕುಳಿತುಕೊಂಡಿತು. ಮಾಸ್ತರು ಒದ್ದೆ ಬಟ್ಟೆ ಹಿಡಿದು, ಅದರ ಹೆಜ್ಜೆ ಗುರುತುಗಳನ್ನು ಒರೆಸುತ್ತಾ, ಮಂಡಿಯ ಮೇಲೆಯೇ ಎರಡು ಮಹಡಿ ಹತ್ತಿದರು.

ಇಳಿದು ಬಂದವರಿಗೆ ಛಲ ಹುಟ್ಟಿತ್ತು. ಹೊಲಿಗೆ ಯಂತ್ರದ ಮುಂದೆ ಕೂತು ಒಂದು ನಿಮಿಷ ಕಾರನ್ನೇ ದಿಟ್ಟಿಸಿದರು. ಗೂನು ಬೆನ್ನಿಗೆ ಕೋಟು, ಡೊಳ್ಳು ಹೊಟ್ಟೆಗೆ ಪ್ಯಾಂಟು ಕೂರಿಸಿದ ಕೈ ಇದು. ಒಂದು ಎಂಜಿನ್ನಿಗೆ ಸೋಲುವುದೇ?

ಟೇಪು ಹಿಡಿದು ಕಾರಿನಡಿ ನುಸುಳಿ ಅಳತೆ ತೆಗೆದರು. ಎಣ್ಣೆ ಹೀರುವಂಥ ದಪ್ಪನೆಯ ಚೀಲವೊಂದನ್ನು ಹೊಲಿದು ಎಂಜಿನ್ನಿನ ಹೊಟ್ಟೆಗೆ ಕಟ್ಟುವುದು ಅವರ ಯೋಜನೆ.

"ಅದಕ್ಕೆ ಯಾಕ್ರೀ ಇಷ್ಟು ಒದ್ದಾಟ? ಹಳೇ ಗೋಣಿ ಇದೆ, ಸುತ್ತಿ ಬಿಡಿ," ಎಂದಳು ಹೆಂಡತಿ, ಟ್ರೇ ಉಜ್ಜುತ್ತಾ.

"ನಮ್ಮ ಕಾರಿಗೆ ಗೋಣೀನಾ! ನಾಲ್ಕು ಜನ ನೋಡಿದ್ರೆ ಏನಂದ್ಕೊಂಡಾರು?"

ಅಂಗಡಿಯ ಮೂಲೆಯಲ್ಲಿದ್ದ ತುಂಡುಬಟ್ಟೆಯ ಮೂಟೆ ಬಿಚ್ಚಿದರು. ಒಳಪದರಕ್ಕೆ ಸಿಕ್ಕಿದ ತುಂಡುಗಳನ್ನೆಲ್ಲ ಒಂದರ ಮೇಲೊಂದು ಒತ್ತಿದರು. ಹೊರಪದರಕ್ಕೆ ಮಾತ್ರ ಆರಿಸಿ ಆರಿಸಿ, ಸಣ್ಣ ನೀಲಿ ಗೆರೆಯಿದ್ದ ಬೂದು ಬಣ್ಣದ ಉಣ್ಣೆ ಬಟ್ಟೆ ತೆಗೆದರು. ಜೋಡಿ ಹೊಲಿಗೆ ಹಾಕಿ, ಅಂಚು ಮಡಚಿ, ಎರಡು ಬದಿಗೂ ಗುಂಡಿ ಕೂರಿಸಿದರು. ಆಸೆ ತಡೆಯಲಾರದೆ ಮುಂದೆ ಒಂದು ಸಣ್ಣ ಜೇಬನ್ನೂ ಇಟ್ಟರು. ಟೈಲ್ಸನ್ನು ಸೀಮೆಎಣ್ಣೆ ಹಾಕಿ ಉಜ್ಜಿ, ಕಾರಿಗೆ ಅದನ್ನು ತೊಡಿಸಿ ಎದ್ದು ನಿಂತಾಗ ಅವರ ಕಣ್ಣು ತುಂಬಿ ಬಂತು. ಇಷ್ಟು ಅಚ್ಚುಕಟ್ಟಾಗಿ ಅವರು ಮನುಷ್ಯರಿಗೂ ಹೊಲಿದಿರಲಿಲ್ಲ.

ಸಂಜೆ ಸಭೆ ಮುಗಿಸಿ ಎಲ್ಲರೂ ಅಂಗಳಕ್ಕಿಳಿದರು. ಹೊಲಿಯಲು ಕೊಟ್ಟಿದ್ದ ಪ್ಯಾಂಟು ಒಯ್ಯಲು ಬಂದಿದ್ದ ಮೆಕ್ಯಾನಿಕ್ ಕೂಡ ಗುಂಪಿನಲ್ಲಿ ನಿಂತ. ಒಂದು ಗಂಟೆಯ ಹಿಂದಷ್ಟೇ ಸೂಟು ತರಿಸಿಕೊಂಡಿದ್ದ ಸೆಕ್ರೆಟರಿಯವರು ಅದನ್ನು ಹಾಕಿಕೊಂಡೇ ಬಂದಿದ್ದರು. ಭುಜ ನಿಜಕ್ಕೂ ಅಚ್ಚು ಹೊಯ್ದಂತಿತ್ತು, ಮಾಸ್ತರು ಅದನ್ನೇ ನೋಡಿ ಬೀಗಿದರು.

ಬ್ಯಾಂಕಿನವರು ಟಾರ್ಚ್ ಬಿಟ್ಟರು. ಟೈಲ್ಸು ತೊಳೆದ ತಟ್ಟೆಯಂತಿತ್ತು.

"ಒಂದ್ ಹನೀನೂ ಇಲ್ಲ!"

ಮೆಕ್ಯಾನಿಕ್ ಬಗ್ಗಿ ನೋಡಿ ತಲೆದೂಗಿದ. "ಇಷ್ಟು ವರ್ಷದಲ್ಲಿ ಎಂಜಿನ್ನಿಗೆ ಬಟ್ಟೆ ಹೊಲಿದೋರನ್ನ ಕಂಡಿರ್ಲಿಲ್ಲ. ಭೇಷ್ ಮಾಸ್ತರೇ!" ಯಾರೋ ಚಪ್ಪಾಳೆ ತಟ್ಟಿದರು, ಉಳಿದವರೂ ತಟ್ಟಿದರು. ಮಾಸ್ತರಿಗೆ ನೆಲ ಕಾಣಲಿಲ್ಲ.

"ಹೊಲಿಗೆ ನೋಡಿ ಸರ್, ಒಳಗೆ ಬಗ್ಗಿ ನೋಡಿ," ಎಂದು ಅವರೇ ಸೆಕ್ರೆಟರಿಯವರನ್ನು ಕರೆದರು.

ಸೆಕ್ರೆಟರಿಯವರು ಒಂದು ಮಂಡಿಯೂರಿ ಬಗ್ಗಿದರು. ಚೀಲ ಮುಟ್ಟಲು ಕೈ ಚಾಚಿದರು. ಟಾರ್ಚ್ ಬೆಳಕಿನಲ್ಲಿ ಕೋಟಿನ ತೋಳೂ ಚೀಲವೂ ಅಕ್ಕಪಕ್ಕ ಬಂದವು.

"ಅಯ್ಯೋ, ಗೆರೇನೂ ಒಂದೇ, ಬಣ್ಣಾನೂ ಒಂದೇ!" ಎಂದು ಗುಂಪಿನೊಡನೆ ಬಗ್ಗಿ ನೋಡಿದ ಅಜ್ಜಿ ಖುಷಿಪಟ್ಟರು. "ಅಣ್ಣ ತಮ್ಮಂದಿರ ಹಾಗಿದ್ದಾರೆ."

ಚಪ್ಪಾಳೆ ನಿಂತಿತು. ಸೆಕ್ರೆಟರಿಯವರು ನಿಧಾನವಾಗಿ ತೋಳು ನೋಡಿದರು, ಚೀಲ ನೋಡಿದರು, ಅದರ ಸಣ್ಣ ಜೇಬು ನೋಡಿದರು.

"ಮಾಸ್ತರೇ, ನನ್ನ ಎದೆ ಅಗಲ, ಅದಕ್ಕೆ ಬಟ್ಟೆ ಸಾಲ್ಲಿಲ್ಲ ಅಂದ್ರಿ. ನಿಮ್ಮ ಕಾರಿನ ಹೊಟ್ಟೆ ಎಷ್ಟು ಅಗಲ ಇದೆ?"

ಮಾಸ್ತರು ಕತ್ತಿನ ಟೇಪನ್ನು ಎಳೆದು ಜೇಬಿಗೆ ತುರುಕಿಕೊಂಡರು.

"ಹನಿ ಬಿದ್ದಿಲ್ಲ. ನಾನು ಮಾತಿಗೆ ತಪ್ಪೋನಲ್ಲ, ಗಾಡಿ ಒಳಗೇ ಇರ್ಲಿ. ನನ್ನ ವೇಸ್ಟ್‌ಕೋಟ್ ಬಿಚ್ಚಿ ಕೊಡಿ."

ಮಾಸ್ತರು ಕಾರಿನಡಿ ಮಲಗಿ ಒಂದೊಂದೇ ಗುಂಡಿ ಬಿಚ್ಚಿದರು. ಸೆಕ್ರೆಟರಿಯವರು ಚೀಲವನ್ನು ಬೆರಳ ತುದಿಯಲ್ಲಿ ಹಿಡಿದು ಒಳಗು ಹೊರಗು ಮಾಡಿದರು. ಒಳಗಿನಿಂದ ಚೌಕಳಿ ತುಂಡು ಇಣುಕಿತು.

"ಅದು ನನ್ನ ಎರಡನೇ ಪ್ಯಾಂಟು!" ಎಂದರು ಬ್ಯಾಂಕಿನವರು.

"ಆ ಕೆಂಪು ಹೂವಿಂದು ನಮ್ಮ ಪರದೆ ಅಲ್ವೇನೋ? ದಿಂಬಿಗೆ ಸಾಲಲ್ಲ ಅಂದಿದ್ಯಲ್ಲೋ!" ಅಜ್ಜಿಯ ಖುಷಿ ಇಳಿದುಹೋಗಿತ್ತು.

ಅಷ್ಟರಲ್ಲಿ ಬಿಳಿ ಟೈಲ್ಸಿನ ಮೇಲೆ ಕೋಟಿನ ಗುಂಡಿಯಷ್ಟು ದೊಡ್ಡ ಹನಿಯೊಂದು ಬಿತ್ತು. ಎಲ್ಲರೂ ಅದನ್ನು ನೋಡಿದರು. ಚಪ್ಪಾಳೆ ತಟ್ಟಿದ ಕೈಗಳೇ ಕಾರನ್ನು ಗೇಟಿನಾಚೆ ತಳ್ಳಿದವು.

"ನಾಳೆ ತನ್ನಿ ಮಾಸ್ತರೇ," ಎಂದ ಮೆಕ್ಯಾನಿಕ್. "ಸೀಲ್ ಏನ್ ದೊಡ್ಡದು."

ಅಂಗಡಿಗೆ ಮರಳಿದ ಮಾಸ್ತರ ಮುಂದೆ ಈಗ ಸಾಲು ಸಾಲು ಕೆಲಸ ಕೂತಿತ್ತು. ಒಂದು ವೇಸ್ಟ್‌ಕೋಟ್, ಒಂದು ಪ್ಯಾಂಟು, ಎರಡು ದಿಂಬಿನ ಚೀಲ, ಎಲ್ಲದಕ್ಕೂ ಬಟ್ಟೆ ಮಾಸ್ತರ ಸ್ವಂತ ಖರ್ಚಿನದೇ. ಕಿಟಕಿಯಲ್ಲಿ ಎದುರಿನ ಗೋಡೆ ಕಾಣುತ್ತಿತ್ತು. ಸೆಕ್ರೆಟರಿಯವರು ಎಸೆದು ಹೋದ, ಎಣ್ಣೆ ಕುಡಿದು ಭಾರವಾಗಿದ್ದ ಚೀಲವನ್ನು ಮೇಜಿನ ಮೇಲೆ ಹರವಿ, ದೀಪದ ಕೆಳಗೆ ಅಂಚಿನುದ್ದಕ್ಕೂ ಬೆರಳಾಡಿಸಿದರು. ಒಂದು ಹೊಲಿಗೆಯೂ ಬಿಟ್ಟಿರಲಿಲ್ಲ.

"ಗೋಣಿ ಸುತ್ತಿ ಅಂದೆ, ಕೇಳಿದ್ರಾ?" ಎಂದಳು ಹೆಂಡತಿ.

ಮಾಸ್ತರು ಕತ್ತು ನೆಟ್ಟಗೆ ಮಾಡಿದರು. "ನಮ್ಮ ಕಾರಿಗೆ ಗೋಣೀನಾ!"